ಮಾರ್ಕು ಕೇಳುವ ಮೊದಲು ಊರು ಕೇಳುತ್ತಾರೆ

ಚೆರ್ಕಳದಿಂದ ಕಲ್ಲಡ್ಕಕ್ಕೆ ಹೋಗುವ ರಸ್ತೆ ಹಿಡಿದು, ನಮ್ಮ ಎಡನೀರು ದಾಟಿ, ಬದಿಯಡ್ಕವೂ ದಾಟಿ ಪೆರ್ಲದ ಕಡೆ ಮುಂದೆ ಹೋದರೆ ಉಕ್ಕಿನಡ್ಕ ಸಿಗುತ್ತದೆ. ಕಾಸರಗೋಡು ಸರಕಾರಿ ಮೆಡಿಕಲ್ ಕಾಲೇಜು ಇರುವುದು ಅಲ್ಲಿ. 2013ರ ನವೆಂಬರ್ 30ರಂದು ಆಗಿನ ಮುಖ್ಯಮಂತ್ರಿ ಉಮ್ಮನ್ ಚಾಂಡಿಯವರು ಅದಕ್ಕೆ ಶಿಲಾನ್ಯಾಸ ಮಾಡಿದರು. ಅಂದು ಹಾಕಿದ ಕಲ್ಲು ಕಾಲೇಜಾಗಲಿಕ್ಕೆ ಹನ್ನೆರಡು ಮಳೆಗಾಲ ಕಳೆಯಬೇಕಾಯಿತು. 2025ರಲ್ಲಿ ರಾಷ್ಟ್ರೀಯ ವೈದ್ಯಕೀಯ ಆಯೋಗದವರು 50 ಎಂಬಿಬಿಎಸ್ ಸೀಟಿಗೆ ಒಪ್ಪಿಗೆ ಕೊಟ್ಟರು.

ಸಂತೋಷದ ಸಂಗತಿಯೇ. ಸುದ್ದಿ ಬಂದ ವಾರವಿಡೀ ಅಂಗಡಿ ಜಗಲಿಯಲ್ಲಿ ಅದೇ ಮಾತು. “ಇನ್ನು ನಮ್ಮ ಮಕ್ಕಳು ಡಾಕ್ಟ್ರು ಕಲಿಯಲಿಕ್ಕೆ ದೂರ ಹೋಗುವುದು ಬೇಡ, ಅಲ್ವಾ?” ಎಂದು ಒಬ್ಬರು ಕೇಳಿದರು. ಬೇಡ ಎನ್ನಲಿಕ್ಕೆ ನನಗೆ ನಾಲಗೆ ಬರಲಿಲ್ಲ. ಯಾಕೆಂದರೆ ಆ 50 ಸೀಟಿನಲ್ಲಿ ಬದಿಯಡ್ಕದವರಿಗೆ, ಎಣ್ಮಕಜೆಯವರಿಗೆ, ಕಾಸರಗೋಡು ಜಿಲ್ಲೆಯವರಿಗೆ ಎಂದು ಬರೆದಿಟ್ಟ ಸೀಟು ಒಂದೂ ಇಲ್ಲ. ನೂರಕ್ಕೆ ಹದಿನೈದು ಇಡೀ ಇಂಡಿಯಾದವರಿಗೆ. ಉಳಿದದ್ದು ಇಡೀ ಕೇರಳಕ್ಕೆ. ಮೆಡಿಕಲ್ ಕಾಲೇಜು ಪಕ್ಕದ ಗುಡ್ಡದಲ್ಲಿ ಉಂಟು ಎನ್ನುವ ಕಾರಣಕ್ಕೆ ಎಡನೀರಿನ ಹುಡುಗಿಗೆ ಒಂದು ಮಾರ್ಕೂ ಹೆಚ್ಚು ಸಿಗುವುದಿಲ್ಲ. ತಿರುವನಂತಪುರದ ಹುಡುಗಿಯೂ ಇವಳೂ ಒಂದೇ ಸಾಲಿನಲ್ಲಿ ನಿಲ್ಲಬೇಕು.

ನಾನು ಎಸ್ಸೆಸ್ಸೆಲ್ಸಿಗೆ ಓದು ಮುಗಿಸಿದವ. ಪಾವಗಡದ ಕಡೆಯ ತೆಲುಗು ಮನೆಯಲ್ಲಿ ಹುಟ್ಟಿ, ಕನ್ನಡ ಶಾಲೆಯಲ್ಲಿ ಕಲಿತು, ಇಲ್ಲಿ ಬಂದು ಅಡಿಕೆ ತೋಟ ಮಾಡಿದವ. ಬಿಡುವಿದ್ದಾಗ ಎರಡು ಭಾಷೆಯಲ್ಲೂ ಪದ್ಯ ಬರೆಯುತ್ತೇನೆ. ಡಾಕ್ಟರ್ ಸೀಟಿನ ವಿಷಯ ನನಗೆ ಯಾಕೆ ಎಂದು ಕೇಳಬಹುದು. ಗಡಿಯಲ್ಲಿ ಇರುವವನಿಗೆ ಅರ್ಜಿ ಫಾರಂ ಓದುವುದು ಅರ್ಧ ಉದ್ಯೋಗ. ನೆರೆಕರೆಯ ಮಕ್ಕಳ ಫಾರಂ ನನ್ನ ಕೈಗೂ ಬರುತ್ತದೆ. ಹಾಗೆ ಓದುತ್ತಾ ಓದುತ್ತಾ ಒಂದು ಸಂಗತಿ ಕಂಡಿತು. ಮೆಡಿಕಲ್ ಸೀಟಿಗೆ ಮಕ್ಕಳನ್ನು ಆರಿಸುವ ಕ್ರಮ ಎಷ್ಟು ಸಲ ಬದಲಾದರೂ, ‘ನಿನಗೆ ಏನು ಗೊತ್ತು’ ಎನ್ನುವುದಕ್ಕಿಂತ ಮೊದಲು ‘ನೀನು ಎಲ್ಲಿಯವ’ ಎಂಬ ಪ್ರಶ್ನೆ ಬರುತ್ತದೆ. ತೆಲುಗಿನಲ್ಲಿ ಹೇಳುವುದಾದರೆ, ‘ಮೀ ಊರೇದಿ?’

ಮದ್ರಾಸಿನ ಹದಿನಾಲ್ಕು

ಹಳೆಯದ್ದರಿಂದ ಸುರು ಮಾಡುವ. 1956ರ ನವೆಂಬರ್ 1ರವರೆಗೆ ಕಾಸರಗೋಡು ದಕ್ಷಿಣ ಕನ್ನಡ ಜಿಲ್ಲೆಯ ತಾಲೂಕು, ಮದ್ರಾಸಿಗೆ ಸೇರಿದ್ದು. ನಮ್ಮ ಅಜ್ಜಂದಿರ ಕಾಲದಲ್ಲಿ ಇಲ್ಲಿಯ ಹುಡುಗ ಡಾಕ್ಟರಾಗಬೇಕೆಂದರೆ ಮಂಗಳೂರಿನಲ್ಲಿ ಮೆಡಿಕಲ್ ಕಾಲೇಜು ಇರಲಿಲ್ಲ. 1835ರ ಮದ್ರಾಸ್ ಮೆಡಿಕಲ್ ಕಾಲೇಜು ಉಂಟು, 1923ರ ವಿಶಾಖಪಟ್ಟಣದ ಆಂಧ್ರ ಮೆಡಿಕಲ್ ಕಾಲೇಜು ಉಂಟು. ತಮಿಳರು, ತೆಲುಗರು, ಮಲೆಯಾಳಿಗಳು, ಕನ್ನಡ ತುಳುವಿನವರು, ಎಲ್ಲರಿಗೂ ಸರಕಾರ ಒಂದೇ.

ಆ ಸರಕಾರದ್ದು ಕಮ್ಯುನಲ್ ಜಿ.ಒ. ಎಂಬ ಆದೇಶ. ಸೀಟುಗಳನ್ನು ಹದಿನಾಲ್ಕು ಹದಿನಾಲ್ಕಾಗಿ ಕಟ್ಟು ಮಾಡುವುದು. ಪ್ರತಿ ಕಟ್ಟಿನಲ್ಲಿ ಬ್ರಾಹ್ಮಣೇತರ ಹಿಂದೂಗಳಿಗೆ 6, ಹಿಂದುಳಿದ ಹಿಂದೂಗಳಿಗೆ 2, ಬ್ರಾಹ್ಮಣರಿಗೆ 2, ಹರಿಜನರಿಗೆ 2, ಆಂಗ್ಲೋ ಇಂಡಿಯನ್ ಮತ್ತು ಕ್ರೈಸ್ತರಿಗೆ 1, ಮುಸ್ಲಿಮರಿಗೆ 1. ಚಂಪಕಂ ದೊರೈರಾಜನ್ ಎಂಬವರು ಮೆಡಿಕಲ್ ಸೀಟಿನ ವಿಷಯದಲ್ಲಿ ಇದರ ಮೇಲೆ ಕೋರ್ಟಿಗೆ ಹೋದರು. ಅವರು ಅರ್ಜಿಯನ್ನೇ ಹಾಕಿರಲಿಲ್ಲ. ಹಾಕಿದರೂ ಸಿಗಲಿಕ್ಕಿಲ್ಲ ಎಂದು ವಿಚಾರಿಸಿ ತಿಳಿದು ನೇರ ಕೋರ್ಟು ಹತ್ತಿದ್ದು. 1951ರ ಏಪ್ರಿಲ್ 9ಕ್ಕೆ ಸುಪ್ರೀಂ ಕೋರ್ಟು ಆ ಆದೇಶ ಸಲ್ಲದು ಎಂದಿತು. ಅದೇ ವರ್ಷ ಸಂವಿಧಾನಕ್ಕೆ ಮೊದಲನೇ ತಿದ್ದುಪಡಿ ಬಂತು, ಹಿಂದುಳಿದವರಿಗೆ ಮೀಸಲಿಡಲು 15(4) ಎಂಬ ಕಲಮು ಸೇರಿತು. ಇಂದಿನ ಮೀಸಲಾತಿಯ ಬೇರು ಒಂದು ಮೆಡಿಕಲ್ ಸೀಟಿನ ತಕರಾರಿನಲ್ಲಿ ಉಂಟು ಎಂದರೆ ತಪ್ಪಲ್ಲ. (ನಮ್ಮ ಎಡನೀರಿಗೂ ಸುಪ್ರೀಂ ಕೋರ್ಟಿಗೂ ನಂಟು ಉಂಟಲ್ಲ. ಮಠದ ಕೇಶವಾನಂದ ಭಾರತೀ ಸ್ವಾಮೀಜಿಯವರ ಮೊಕದ್ದಮೆ 1973ರ ಏಪ್ರಿಲ್ 24ಕ್ಕೆ ತೀರ್ಮಾನವಾದದ್ದು ಓದುಗರಿಗೆ ಗೊತ್ತಿದೆ. ಹಾಗಾಗಿ ಇಲ್ಲಿಯವರು ಕೋರ್ಟಿನ ಹೆಸರು ಕೇಳಿದರೆ ಹೆದರುವವರಲ್ಲ.)

ಜಾತಿಯ ಪ್ರಶ್ನೆ ಹಾಗಾದರೆ, ಊರಿನದ್ದು ಎಂತ? ಮದ್ರಾಸ್ ಸರಕಾರ ಮುಂದೆ ಜಿಲ್ಲಾವಾರು ಸೀಟು ಹಂಚಿ ನೋಡಿತು. ಇಂಥ ಜಿಲ್ಲೆಗೆ ಇಷ್ಟು ಎಂದು ಜನಸಂಖ್ಯೆಯ ಲೆಕ್ಕದಲ್ಲಿ. ರಾಜೇಂದ್ರನ್ ಎಂಬ ಹುಡುಗನ ಮೊಕದ್ದಮೆಯಲ್ಲಿ 1968ರಲ್ಲಿ ಸುಪ್ರೀಂ ಕೋರ್ಟು ಅದನ್ನೂ ತಳ್ಳಿಹಾಕಿತು. ಒಂದು ಜಿಲ್ಲೆಯ ಜಾಣ ಹುಡುಗ ಹೊರಗುಳಿದು ಇನ್ನೊಂದು ಜಿಲ್ಲೆಯ ಕಡಿಮೆ ಮಾರ್ಕಿನವ ಒಳಗೆ ಹೋಗುವುದು ಸರಿಯಲ್ಲ ಎಂದು ಅದರ ತರ್ಕ. ಉಕ್ಕಿನಡ್ಕದಲ್ಲಿ ಜಿಲ್ಲೆಯವರಿಗೆ ಸೀಟು ಇಡಿ ಎಂದು ಭಾಷಣ ಮಾಡುವವರು ಈ ತೀರ್ಪು ಓದಿಕೊಂಡು ಮಾಡಿದರೆ ಒಳ್ಳೆಯದು. ಬರೀ ಆದೇಶದಲ್ಲಿ ಆಗುವ ಕೆಲಸ ಅಲ್ಲ ಅದು.

ಆಗುವ ದಾರಿಯೂ ಉಂಟು, ನನ್ನ ತೆಲುಗು ಕಡೆಯವರು ಅದನ್ನು ಮಾಡಿದ್ದಾರೆ. ಆಂಧ್ರಕ್ಕೆ 371ಡಿ ಎಂಬ ಕಲಮು ಸಂವಿಧಾನದಲ್ಲೇ ಸೇರಿ, 1974ರಲ್ಲಿ ರಾಷ್ಟ್ರಪತಿಗಳ ಆದೇಶ ಬಂತು. ಕರಾವಳಿ ಆಂಧ್ರ, ತೆಲಂಗಾಣ, ರಾಯಲಸೀಮೆ ಎಂದು ಮೂರು ಪ್ರದೇಶ, ಪ್ರತಿಯೊಂದರಲ್ಲಿ 85 ಪಾಲು ಸೀಟು ‘ಸ್ಥಾನಿಕ’ರಿಗೆ. ಅಲ್ಲಿ ಸ್ಥಾನಿಕನೆಂದರೆ ಅಲ್ಲಿ ಹುಟ್ಟಿದವನಲ್ಲ, ಮುಖ್ಯವಾಗಿ ಅರ್ಹತಾ ಪರೀಕ್ಷೆಯವರೆಗಿನ ನಾಲ್ಕು ವರ್ಷ ಸತತ ಅಲ್ಲಿ ಓದಿದವನು. ಕರ್ನಾಟಕದಲ್ಲಿ ಬೀದರ, ಕಲಬುರಗಿ, ರಾಯಚೂರು, ಬಳ್ಳಾರಿ ಕಡೆಗೆ 371ಜೆ ಬಂತು. 2012ರ ತಿದ್ದುಪಡಿ, ಮರುವರ್ಷ ಜಾರಿ. ಆ ಭಾಗದ ಕಾಲೇಜಿನಲ್ಲಿ 70 ಪಾಲು, ಉಳಿದ ಕರ್ನಾಟಕದಲ್ಲಿ 8 ಪಾಲು. ಕಾಸರಗೋಡಿಗೆ ಅಂಥ ಕಲಮು ಯಾವುದೂ ಇಲ್ಲ. ನಮಗೆ ಇದ್ದದ್ದು ಮಹಾಜನ ಆಯೋಗದ ವರದಿ. 1967ರಲ್ಲಿ ಚಂದ್ರಗಿರಿ ಹೊಳೆಯ ಬಡಗು ದಿಕ್ಕು ಮೈಸೂರಿಗೆ ಎಂದು ಬರೆದರು. ವರದಿ ಕಾಗದದಲ್ಲೇ ಉಳಿಯಿತು. ಎಡನೀರು ಆ ಬಡಗಿನಲ್ಲಿ ಉಂಟು, ಕೇರಳದಲ್ಲಿಯೂ ಉಂಟು.

ಗಡಿಗೆ ಒಂದು ರೇಟು

ವ್ಯಾಪಾರಿಗಳಿಗೆ ರೇಟಿನ ಭಾಷೆ ಬೇಗ ಅರ್ಥವಾಗುತ್ತದೆ. 1953ರಲ್ಲಿ ಡಾ. ಟಿ.ಎಂ.ಎ. ಪೈಯವರು ಮಣಿಪಾಲದಲ್ಲಿ ಕಸ್ತೂರ್ಬಾ ಮೆಡಿಕಲ್ ಕಾಲೇಜು ಕಟ್ಟಿದ ಮೇಲೆ, ಸರಕಾರಿ ಸೀಟು ಸಿಗದವರಿಗೂ ದುಡ್ಡಿದ್ದರೆ ಡಾಕ್ಟರಾಗುವ ದಾರಿ ತೆರೆಯಿತು. ಆಮೇಲೆ ಕರ್ನಾಟಕದಲ್ಲಿ ಖಾಸಗಿ ಕಾಲೇಜುಗಳು ಒಂದಾದ ಮೇಲೊಂದು ಹುಟ್ಟಿದವು. ಕ್ಯಾಪಿಟೇಶನ್ ಎಂಬ ಪದ ಹಳ್ಳಿಯವರ ಬಾಯಿಗೂ ಬಂತು. 1984ರಲ್ಲಿ ಅದನ್ನು ನಿಷೇಧಿಸುವ ಕಾಯಿದೆ ಮಾಡಿದರು. 1989ರಲ್ಲಿ ಸರಕಾರವೇ ಫೀಸು ಗೊತ್ತು ಮಾಡಿತು. ಸರಕಾರಿ ಸೀಟಿಗೆ ವರ್ಷಕ್ಕೆ 2,000 ರೂಪಾಯಿ, ಕರ್ನಾಟಕದ ಉಳಿದ ಮಕ್ಕಳಿಗೆ 25,000ದವರೆಗೆ, ಕರ್ನಾಟಕದ ಹೊರಗಿನವರಿಗೆ 60,000ದವರೆಗೆ.

ಗಡಿಯ ಆಚೆಗೂ ಈಚೆಗೂ ಒಂದು ವರ್ಷಕ್ಕೆ 35,000 ರೂಪಾಯಿ ಅಂತರ! ಮೀರತ್ತಿನ ಮೋಹಿನಿ ಜೈನ್ ಎಂಬ ಹುಡುಗಿ ತುಮಕೂರಿನ ಸಿದ್ಧಾರ್ಥ ಮೆಡಿಕಲ್ ಕಾಲೇಜಿನ ಈ ರೇಟಿನ ಮೇಲೆ ಕೋರ್ಟಿಗೆ ಹೋದಳು. 1992ರಲ್ಲಿ ಅವಳು ಗೆದ್ದಳು. 1993ರಲ್ಲಿ ಉನ್ನಿಕೃಷ್ಣನ್ ತೀರ್ಪು ಬಂತು, ಖಾಸಗಿ ಕಾಲೇಜಿನಲ್ಲೂ ಅರ್ಧ ಸೀಟು ಫ್ರೀ, ಅರ್ಧ ಪೇಮೆಂಟು, ಎರಡಕ್ಕೂ ಮಾರ್ಕೇ ಆಧಾರ ಎಂದಿತು. ಅದರ ಬೆನ್ನಿಗೇ 1994ರಲ್ಲಿ ಕರ್ನಾಟಕದ ಸಿಇಟಿ ಶುರುವಾದದ್ದು. ಆ ಕಾಲದಲ್ಲಿ ಕಷ್ಟಪಟ್ಟು ಓದಿದ ಬಡವರ ಮನೆಯ ಮಕ್ಕಳು ಕಂಪ್ಯೂಟರಿನ ಮುಂದೆ ಕೂತು ಕಾಲೇಜು ಆರಿಸಿದರು. ಸಿಇಟಿ ಬಗ್ಗೆ ಯಾರು ಎಂತ ಹೇಳಿದರೂ ಅದು ಸಣ್ಣ ಸಂಗತಿ ಅಲ್ಲ. 2002ರಲ್ಲಿ ಟಿ.ಎಂ.ಎ. ಪೈ ಪ್ರತಿಷ್ಠಾನದ ಮೊಕದ್ದಮೆಯಲ್ಲಿ ಹನ್ನೊಂದು ನ್ಯಾಯಾಧೀಶರು ಕೂತು ಉನ್ನಿಕೃಷ್ಣನ್ ವ್ಯವಸ್ಥೆಯನ್ನು ತೆಗೆದರು. ಮುಂದಿನ ಕೋರ್ಟು ಕತೆ ಉದ್ದ, ಅದು ಇಲ್ಲಿ ಬೇಡ.

ನಮಗೆ ಬೇಕಾದದ್ದು ಕರ್ನಾಟಕದ ನಿಯಮದಲ್ಲಿ ಉಳಿದುಕೊಂಡ ಒಂದು ಕಿಟಕಿ. ಅದರ ಹೆಸರು ‘ಗಡಿನಾಡ ಕನ್ನಡಿಗ’. ಕೇರಳದ ಕಾಸರಗೋಡು, ಹೊಸದುರ್ಗ, ಮಂಜೇಶ್ವರ ತಾಲೂಕು, ಮಹಾರಾಷ್ಟ್ರದ ಸೊಲ್ಲಾಪುರ, ಅಕ್ಕಲಕೋಟೆ, ಜತ್ತ, ಗಡಹಿಂಗ್ಲಜ ಕಡೆ. ಅಲ್ಲಿಯವರಾಗಿ, ಮನೆಮಾತು ಕನ್ನಡ, ತುಳು ಅಥವಾ ಕೊಡವ ಆಗಿದ್ದರೆ ಕರ್ನಾಟಕದ ಸರಕಾರಿ ಕೋಟಾದ ಸೀಟಿಗೆ ಅರ್ಜಿ ಹಾಕಬಹುದು. ಮಾರ್ಕಿನ ಪರೀಕ್ಷೆ ಬೇರೆ, ಅದಲ್ಲದೆ ಇವರಿಗೆ ಒಂದು ಕನ್ನಡ ಪರೀಕ್ಷೆ ಉಂಟು. ನಾಲ್ಕನೇ ಕ್ಲಾಸಿನ ಮಟ್ಟದ್ದು, 50 ಮಾರ್ಕಿಗೆ 12 ಬಂದರೆ ಸಾಕು.

ಹನ್ನೆರಡು ಮಾರ್ಕು ಎಂದು ನಗುವವರಿದ್ದಾರೆ. ನನಗೆ ನಗು ಬರುವುದಿಲ್ಲ. ಯಾಕೆಂದರೆ ನಮ್ಮ ಊರಲ್ಲೇ ಕನ್ನಡ ಮಾತನಾಡುವ ಮನೆಯ ಮಕ್ಕಳು ಇಂಗ್ಲಿಷ್ ಶಾಲೆಗೆ ಹೋಗಿ, ಎರಡನೇ ಭಾಷೆ ಬೇರೆ ತೆಗೆದುಕೊಂಡು, ಕೊನೆಗೆ ‘ಕ್ಷ’ ಬರೆಯಲಿಕ್ಕೆ ತಡವರಿಸುವುದನ್ನು ಕಂಡಿದ್ದೇನೆ. ಇನ್ನೂ ಒಂದು ತೊಡಕು. ಎಷ್ಟೋ ವರ್ಷ ಈ ಪರೀಕ್ಷೆ ನಡೆದದ್ದು ಬೆಂಗಳೂರಿನಲ್ಲಿ. ಹನ್ನೆರಡು ಮಾರ್ಕಿಗೆ ರಾತ್ರಿ ಬಸ್ಸು ಹತ್ತಬೇಕಾಗಿತ್ತು. ತೋಟದ ಕೆಲಸ ಬಿಟ್ಟು ಅಪ್ಪನೂ ಜತೆಗೆ ಹೋಗಬೇಕು, ಲಾಡ್ಜು ಹಿಡಿಯಬೇಕು. ಒಂದು ಕ್ವಿಂಟಲ್ ಅಡಿಕೆ ಮಾರುವಾಗಲೂ ಅಷ್ಟು ಅಲೆದಾಟ ಇಲ್ಲ. ಕ್ಯಾಂಪ್ಕೋ 1973ರಲ್ಲಿ ಹುಟ್ಟುವಾಗಲೇ ಕರ್ನಾಟಕ, ಕೇರಳ ಎರಡನ್ನೂ ಸೇರಿಸಿಕೊಂಡು ಹುಟ್ಟಿತು. ಬದಿಯಡ್ಕದಲ್ಲಿ ಕೊಟ್ಟ ಚಾಲಿಗೆ ನೀನು ಯಾವ ರಾಜ್ಯದ ಅಡಿಕೆ ಎಂದು ಯಾರೂ ಕೇಳುವುದಿಲ್ಲ.

ಹಾಗೆಂದು ಕಿಟಕಿಯನ್ನು ಹೀಯಾಳಿಸುವುದು ನನ್ನ ಉದ್ದೇಶ ಅಲ್ಲ. ಕಾಗದಪತ್ರ ಸರಿ ಇದ್ದವರಿಗೆ ಅದು ನಿಜಕ್ಕೂ ಎರಡನೇ ಬಾಗಿಲು. ಓದಿದ ಶಾಲೆಗಳ ವ್ಯಾಸಂಗ ಪತ್ರ, ವಾಸದ ದಾಖಲೆ, ಮನೆಮಾತಿನ ದಾಖಲೆ, ಇವನ್ನು ರಿಸಲ್ಟು ಬಂದ ಮೇಲೆ ಹುಡುಕಲಿಕ್ಕೆ ಹೊರಟರೆ ಸಿಗುವುದಿಲ್ಲ. ಹತ್ತನೇ ಕ್ಲಾಸಿನಲ್ಲೇ ಒಂದು ಫೈಲು ಮಾಡಿ ಇಡಿ ಎಂದು ನಾನು ಹೇಳುವುದು ಅದಕ್ಕೆ.

ಗಡಿ ದಾಟಿದರೆ ಜಾತಿ ಬದಲು

ಇದು ಕೆಲವರಿಗೆ ಗೊತ್ತಿಲ್ಲ. ಪರಿಶಿಷ್ಟ ಜಾತಿ, ಪಂಗಡದ ಪಟ್ಟಿ ಒಂದೊಂದು ರಾಜ್ಯಕ್ಕೆ ಒಂದೊಂದು. ಮರ್ರಿ ಚಂದ್ರಶೇಖರ ರಾವ್ ಎಂಬ ತೆಲುಗು ಹುಡುಗ. ಆಂಧ್ರದಲ್ಲಿ ಅವನ ಸಮುದಾಯ ಪರಿಶಿಷ್ಟ ಪಂಗಡ. ತಂದೆಗೆ ಬೊಂಬಾಯಿಯಲ್ಲಿ ಕೆಲಸ, ಹುಡುಗ ಬೆಳೆದದ್ದು, ಓದಿದ್ದು ಅಲ್ಲಿ. ಮೆಡಿಕಲ್ ಸೀಟು ಕೇಳುವಾಗ ನಿನ್ನ ಜಾತಿ ಇಲ್ಲಿಯ ಪಟ್ಟಿಯಲ್ಲಿಲ್ಲ ಎಂದರು. 1990ರಲ್ಲಿ ಸುಪ್ರೀಂ ಕೋರ್ಟೂ ಅದನ್ನೇ ಎತ್ತಿ ಹಿಡಿಯಿತು.

ಬೊಂಬಾಯಿ ದೂರದ ಮಾತಾಯಿತು. ನಮ್ಮ ನಡುವೆಯೇ ಮರಾಟಿ ಸಮುದಾಯದವರು ಇದ್ದಾರೆ. ಹಳೆಯ ದಕ್ಷಿಣ ಕನ್ನಡದ ಜನ, ಅರ್ಧ ಸಂಬಂಧಿಕರು ಪುತ್ತೂರು ಸುಳ್ಯದಲ್ಲಿ, ಅರ್ಧ ಕಾಸರಗೋಡಿನಲ್ಲಿ. ಕರ್ನಾಟಕದಲ್ಲಿ ಅವರು ಪರಿಶಿಷ್ಟ ಪಂಗಡ. ಕೇರಳದಲ್ಲಿಯೂ ಇದ್ದರು, ಆದರೆ 2002ರ ತಿದ್ದುಪಡಿ ಕಾಯಿದೆಯಲ್ಲಿ ಹೆಸರು ತೆಗೆದರು. ಮತ್ತೆ ಸೇರಿಸಿದ್ದು 2013ರಲ್ಲಿ. ಮಧ್ಯದ ಹತ್ತು ವರ್ಷದಲ್ಲಿ ಹನ್ನೆರಡನೇ ಕ್ಲಾಸು ಮುಗಿಸಿದ ಮಕ್ಕಳನ್ನು ನೆನೆಯಿರಿ. ಗಡಿಯ ಆಚೆ ಇರುವ ಚಿಕ್ಕಪ್ಪನ ಮಗನಿಗೆ ಇದ್ದ ಮೀಸಲಾತಿ ಇವರಿಗೆ ಇಲ್ಲ. ಸಮುದಾಯದವರು ಹೋರಾಡಿ ವಾಪಸು ಪಡೆದರು, ಆದರೆ ಆ ವರ್ಷದ ಮಕ್ಕಳಿಗೆ ಹೋದ ಸೀಟು ವಾಪಸು ಬರಲಿಲ್ಲ.

ನೀಟು ಬಂತು, ಕನ್ನಡ ಎಲ್ಲಿಗೆ ಬಂತು?

ಈಗ ಎಲ್ಲ ರಾಜ್ಯಕ್ಕೂ ಒಂದೇ ಪರೀಕ್ಷೆ. 2013ರಲ್ಲಿ ಮೊದಲ ಸಲ ನಡೆದು, ಅದೇ ವರ್ಷ ಕೋರ್ಟಿನಲ್ಲಿ ಬಿದ್ದು, 2016ರಲ್ಲಿ ಎದ್ದು ನಿಂತಿತು. 180 ಪ್ರಶ್ನೆ, 720 ಮಾರ್ಕು. ಸರಿಗೆ ನಾಲ್ಕು, ತಪ್ಪಿಗೆ ಒಂದು ಕಡಿತ. 2024ರಲ್ಲಿ ಬರೆಯಲಿಕ್ಕೆ ಹೆಸರು ಕೊಟ್ಟವರು 24 ಲಕ್ಷ. ಆ ವರ್ಷ ಹಜಾರೀಬಾಗ್, ಪಟ್ನಾ ಕಡೆ ಪ್ರಶ್ನೆಪತ್ರಿಕೆ ಸೋರಿ ದೊಡ್ಡ ಗಲಾಟೆಯಾದದ್ದು ಎಲ್ಲರೂ ಓದಿದ್ದೀರಿ. ಎಲ್ಲರಿಗೂ ಒಂದೇ ತಕ್ಕಡಿ ಎನ್ನುವುದು ನೀಟಿನ ಮಾತು. ಒಪ್ಪುವ. ತಕ್ಕಡಿಯ ಕಲ್ಲು ಯಾವ ಭಾಷೆಯದ್ದು ಎಂದೂ ನೋಡಬೇಕಲ್ಲ.

2017ರಿಂದ ನೀಟು ಕನ್ನಡದಲ್ಲೂ ಉಂಟು, ತೆಲುಗಿನಲ್ಲೂ ಉಂಟು. ಕಾಸರಗೋಡಿನಲ್ಲಿ ಹತ್ತನೇ ಕ್ಲಾಸಿನವರೆಗೆ ಕನ್ನಡ ಮಾಧ್ಯಮದಲ್ಲಿ ಓದಿ ಕೇರಳದ ಎಸ್ಸೆಸ್ಸೆಲ್ಸಿ ಕನ್ನಡದಲ್ಲೇ ಬರೆದ ಮಕ್ಕಳು ಈಗಲೂ ಇದ್ದಾರೆ. ಅವರಿಗೆ ಇದು ಬಂಗಾರದಂಥ ಸೌಕರ್ಯ ಅಲ್ಲವೇ? ಆದರೆ ಪರೀಕ್ಷೆ ನಡೆಸುವವರ ಪುಸ್ತಿಕೆಯಲ್ಲಿ ಒಂದು ಪಟ್ಟಿ ಕೊಟ್ಟಿರುತ್ತಾರೆ. ಇಂಗ್ಲಿಷ್, ಹಿಂದಿ, ಉರ್ದು ಪ್ರಶ್ನೆಪತ್ರಿಕೆ ದೇಶದ ಎಲ್ಲ ಕೇಂದ್ರದಲ್ಲೂ ಸಿಗುತ್ತದೆ. ಮಲೆಯಾಳದ್ದು ಕೇರಳ, ಲಕ್ಷದ್ವೀಪದ ಕೇಂದ್ರಗಳಲ್ಲಿ. ತೆಲುಗಿನದ್ದು ಆಂಧ್ರ, ತೆಲಂಗಾಣದಲ್ಲಿ. ಕನ್ನಡದ್ದು ಕರ್ನಾಟಕದ ಕೇಂದ್ರಗಳಲ್ಲಿ.

ಅಂದರೆ ಕಾಸರಗೋಡಿನಲ್ಲಿ ಕೂತು ಕನ್ನಡದಲ್ಲಿ ನೀಟು ಬರೆಯುವ ಹಾಗಿಲ್ಲ.

ನಮ್ಮ ನೆರೆಯ ಹುಡುಗಿಯೊಬ್ಬಳು ಇದನ್ನು ನನಗೆ ತೋರಿಸಿಕೊಟ್ಟದ್ದು. ಫಾರಂ ತುಂಬುವ ಮೊದಲು ಪುಸ್ತಿಕೆ ಹಿಡಿದುಕೊಂಡು ಬಂದಳು. “ಮಾವ, ಕನ್ನಡ ಪೇಪರು ಬೇಕಾದರೆ ನಾನು ಮಂಗಳೂರು ಸೆಂಟರು ಹಾಕಬೇಕಂತೆ. ಇಲ್ಲಿ ಹಾಕಿದರೆ ಕನ್ನಡ ಇಲ್ಲ. ಎಂತ ಮಾಡುವುದು?” ಅವಳ ಅಪ್ಪ ಪಕ್ಕದಲ್ಲಿ ನಿಂತು, “ಇಂಗ್ಲಿಷಿನಲ್ಲೇ ಬರಿ ಮಗಳೇ, ಹೇಗೂ ಪ್ಲಸ್ ಟು ಇಂಗ್ಲಿಷೇ ಅಲ್ವಾ” ಎಂದರು. ಅವಳು ಕೂಡಲೇ ಒಪ್ಪಲಿಲ್ಲ. “ಬಯಾಲಜಿ ಪ್ರಶ್ನೆ ಸುತ್ತಿ ಬಳಸಿ ಕೇಳುತ್ತಾರೆ ಅಪ್ಪಾ. ಕನ್ನಡವೂ ಜತೆಯಲ್ಲಿದ್ದರೆ ಒಂದು ಸಲ ಓದಿದರೆ ಸಾಕು, ಇಲ್ಲದಿದ್ದರೆ ಮೂರು ಸಲ ಓದಬೇಕು.” ಅವಳ ಮಾತಿನಲ್ಲಿ ಲೆಕ್ಕ ಇತ್ತು. ಒಂದು ಪ್ರಶ್ನೆಗೆ ಒಂದು ನಿಮಿಷ ಸಿಗುವ ಪರೀಕ್ಷೆಯಲ್ಲಿ ಮೂರು ಸಲ ಓದುವುದೆಂದರೆ ಹತ್ತು ಪ್ರಶ್ನೆ ಕೈಬಿಟ್ಟ ಹಾಗೆ.

ಇನ್ನೊಂದು ಮಗ್ಗುಲೂ ಉಂಟು. ಅನುವಾದದಲ್ಲಿ ಗೊಂದಲವಾದರೆ ಇಂಗ್ಲಿಷಿನದ್ದೇ ಕೊನೆಯ ಮಾತು. 2018ರಲ್ಲಿ ತಮಿಳು ಪ್ರಶ್ನೆಪತ್ರಿಕೆಯ 49 ಪ್ರಶ್ನೆಗಳಲ್ಲಿ ಅನುವಾದ ತಪ್ಪಿದೆ ಎಂದು ಮದ್ರಾಸ್ ಹೈಕೋರ್ಟು 196 ಮಾರ್ಕು ಕೊಡಲು ಹೇಳಿತು. ಸುಪ್ರೀಂ ಕೋರ್ಟು ಅದನ್ನು ರದ್ದು ಮಾಡಿತು. ಆದ್ದರಿಂದ ಕನ್ನಡ ಪೇಪರು ತೆಗೆದುಕೊಂಡವರು ಜತೆಯಲ್ಲಿರುವ ಇಂಗ್ಲಿಷನ್ನೂ ಕಣ್ಣಾಡಿಸಲೇಬೇಕು. ಕನ್ನಡದ ಅಭಿಮಾನ ಬೇರೆ, ಮಾರ್ಕು ಬೇರೆ.

ಕನ್ನಡದಲ್ಲಿ ಬರೆಯುವವರು ಎಷ್ಟು ಜನ, ಅವರಿಗಾಗಿ ಕೇರಳದಲ್ಲಿ ಬೇರೆ ಕಟ್ಟು ಕಳಿಸಬೇಕೇ ಎಂದು ಕೇಳುವವರಿಗೆ ನನ್ನ ಉತ್ತರ ಸರಳ. ಸಂಖ್ಯೆ ಸಣ್ಣದೇ. ಉರ್ದು ಪತ್ರಿಕೆಯನ್ನು ದೇಶದ ಮೂಲೆಮೂಲೆಗೆ ಕಳಿಸಲು ಆಗುತ್ತದೆ ಎಂದಾದರೆ, ಕನ್ನಡದ್ದನ್ನು ಮಂಗಳೂರಿನಿಂದ ಕಾಸರಗೋಡಿಗೆ ಐವತ್ತು ಕಿಲೋಮೀಟರು ಕಳಿಸಲು ಯಾಕೆ ಆಗಬಾರದು? ಬಳ್ಳಾರಿಯಲ್ಲಿ ಕೂತ ತೆಲುಗು ಹುಡುಗನಿಗೆ, ಮಡಕಶಿರದ ಕನ್ನಡ ಹುಡುಗನಿಗೆ ಕೂಡ ಇದೇ ಪಾಡು. ಭಾಷಾ ಅಲ್ಪಸಂಖ್ಯಾತರ ಪ್ರದೇಶ ಎಂದು ಸರಕಾರವೇ ಒಪ್ಪಿದ ಜಿಲ್ಲೆಗಳಿಗೆ ಎರಡು ಭಾಷೆಯ ಪತ್ರಿಕೆ ಕಳಿಸಿ ಎನ್ನುವುದಕ್ಕೆ ಸಂವಿಧಾನದ ತಿದ್ದುಪಡಿ ಬೇಡ, ಪುಸ್ತಿಕೆಯ ಆ ಪಟ್ಟಿಯಲ್ಲಿ ಒಂದು ಸಾಲು ಬದಲಾದರೆ ಸಾಕು. ನಮ್ಮ ಸಂಘಟನೆಗಳು ವರ್ಷಕ್ಕೊಮ್ಮೆ ಮೆರವಣಿಗೆ ಮಾಡುತ್ತವೆ, ಮಾಡಲಿ. ಆದರೆ ಈ ಒಂದು ಸಾಲಿಗೆ ಅರ್ಜಿ ಬರೆದವರು ಎಷ್ಟು ಮಂದಿ?

ಕೇರಳ ಸರಕಾರಕ್ಕೂ ಕೇಳಬಹುದಾದದ್ದು ಒಂದು ಉಂಟು. ತಮಿಳುನಾಡು 2020ರಲ್ಲಿ ಸರಕಾರಿ ಶಾಲೆಯಲ್ಲಿ ಓದಿದ ಮಕ್ಕಳಿಗೆ ಮೆಡಿಕಲ್ ಸೀಟಿನಲ್ಲಿ ಏಳೂವರೆ ಪಾಲು ಇಟ್ಟಿತು. ಎರಡು ವರ್ಷದ ಮೇಲೆ ಮದ್ರಾಸ್ ಹೈಕೋರ್ಟು ಅದನ್ನು ಸರಿ ಎಂದಿತು. ಜಿಲ್ಲೆಯ ಹೆಸರಿನಲ್ಲಿ ಸೀಟು ಕೇಳಿದರೆ ರಾಜೇಂದ್ರನ್ ತೀರ್ಪು ಅಡ್ಡ ಬರುತ್ತದೆ, ಸರಕಾರಿ ಶಾಲೆಯ ಹೆಸರಿನಲ್ಲಿ ಕೇಳಿದರೆ ಬಂದಿಲ್ಲ. ನಮ್ಮ ಕನ್ನಡ ಶಾಲೆಗಳಲ್ಲಿ ಸರಕಾರಿಯಂತೆ ಅನುದಾನಿತವೂ ಬಹಳ. ಎರಡನ್ನೂ ಸೇರಿಸಿ ಕೇಳಿದರೆ ಉಕ್ಕಿನಡ್ಕದ ಕಾಲೇಜು ನಮ್ಮ ಮಕ್ಕಳಿಗೆ ಸ್ವಲ್ಪ ಹತ್ತಿರವಾದೀತು.

ಡಾಕ್ಟರು ಎಲ್ಲಿಯವರಾದರೆ ಏನು, ಮದ್ದು ಕೊಟ್ಟರೆ ಸಾಕಲ್ಲವೇ ಎಂದು ಒಬ್ಬ ಗೆಳೆಯರು ವಾದಿಸಿದರು. ಸಾಕು, ಜ್ವರಕ್ಕೆ ಸಾಕು. ಆದರೆ ಎಣ್ಮಕಜೆಯ ಪಡ್ರೆ ಕಡೆ ಗೇರು ತೋಟಕ್ಕೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿದ ವರ್ಷಗಳಲ್ಲಿ, ಒಂದೇ ಊರಲ್ಲಿ ಇಷ್ಟು ವಿಚಿತ್ರ ಕಾಯಿಲೆ ಯಾಕೆ ಎಂದು ಮೊದಲು ಕೇಳಿದವರಲ್ಲಿ ಒಬ್ಬರು ಅಲ್ಲೇ ವಾಣೀನಗರದಲ್ಲಿ ರೋಗಿಗಳನ್ನು ನೋಡುತ್ತಿದ್ದ ಡಾ. ವೈ.ಎಸ್. ಮೋಹನ್ ಕುಮಾರ್. ಮನೆಮನೆಯ ಮಾತು ತಿಳಿದವರಿಗೆ ಮಾತ್ರ ಆಗುವ ಕೆಲಸ ಅದು. 2020ರ ಮಾರ್ಚಿನಲ್ಲಿ ಕೊರೊನಾ ಬಂದು ಗಡಿರಸ್ತೆಗೆ ಮಣ್ಣು ಹಾಕಿದಾಗ ಮಂಗಳೂರಿಗೆ ಹೋಗಲಾರದೆ ರೋಗಿಗಳು ಸತ್ತದ್ದು ನಮಗೆ ಮರೆತಿಲ್ಲ. ಆಗ ಏಪ್ರಿಲಿನಲ್ಲಿ ಅವಸರವಾಗಿ ಆಸ್ಪತ್ರೆ ತೆರೆದದ್ದು ಉಕ್ಕಿನಡ್ಕದ ಆ ಕಟ್ಟಡದಲ್ಲೇ. ಆವತ್ತು ಅಲ್ಲಿಗೆ ಡಾಕ್ಟರುಗಳು ಬಂದದ್ದು ತಿರುವನಂತಪುರದಿಂದ.

ನೆರೆಯ ಹುಡುಗಿ ಕೊನೆಗೆ ಮಂಗಳೂರನ್ನೇ ಹಾಕಿದಳು. ಹಾಗೆ ಹಾಕುವವರಿಗೆ ತಿಳಿಸಬೇಕಾದದ್ದು ಇಷ್ಟು. ಪರೀಕ್ಷೆ ಮಧ್ಯಾಹ್ನ ಎರಡಕ್ಕೆ, ಆದರೆ ಒಂದೂವರೆಗೆ ಗೇಟು ಹಾಕುತ್ತಾರೆ, ಒಂದು ನಿಮಿಷ ತಡವಾದರೂ ಒಳಗೆ ಬಿಡುವುದಿಲ್ಲ. ತಲಪಾಡಿಯ ಹತ್ತಿರ ರಸ್ತೆ ಯಾವಾಗ ಕಟ್ಟಿಕೊಳ್ಳುತ್ತದೆ ಎಂದು ಹೇಳಲಿಕ್ಕಾಗದು. ಬೆಳಗ್ಗಿನ ರೈಲು ಹಿಡಿಯುವುದು ಒಳ್ಳೆಯದು. ತುಂಬು ತೋಳಿನ ಅಂಗಿ, ಬೂಟು ಬೇಡ, ಚಪ್ಪಲಿಯಲ್ಲಿ ಹೋಗಿ. ಊಟಕ್ಕೆ ಬುತ್ತಿ ಕಟ್ಟಿಕೊಂಡರೆ ಇನ್ನೂ ಒಳ್ಳೆಯದು, ಭಾನುವಾರ ಹೋಟೆಲು ಎಲ್ಲವೂ ತೆರೆದಿರುವುದಿಲ್ಲ.